ನ್ಯೂ ಟ್ರಯರ್ ಪ್ರೌಢಶಾಲೆ

ನ್ಯೂ ಟ್ರಯರ್ ಟೌನ್‌ಶಿಪ್ ಪ್ರೌಢಶಾಲೆ: ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೊ ನಗರದ ಉತ್ತರಕ್ಕೆ ಮಿಷಿಗನ್ ಸರೋವರದ ದಂಡೆಯಲ್ಲಿರುವ ಉಪನಗರಗಳ ಸಾರ್ವಜನಿಕ ಪ್ರೌಢಶಾಲೆ. 1901ರಲ್ಲಿ ವಿನೆಟ್ಕಾ ಎಂಬ ಊರಿನಲ್ಲಿ ನೂರಕ್ಕೂ ಕಡಿಮೆ ಮಕ್ಕಳೊಂದಿಗೆ ಆರಂಭವಾದ ಈ ಶಾಲೆಯಲ್ಲಿ ಈಗ ಸುಮಾರು 4,000 ವಿದ್ಯಾರ್ಥಿಗಳಿದ್ದಾರೆ. 9ನೆಯ ತರಗತಿ ನಾರ್ತ್‌ಫೀಲ್ಡ್ ಆವರಣದಲ್ಲೂ 10ರಿಂದ 12ರವರೆಗಿನ ತರಗತಿಗಳು ವಿನೆಟ್ಕಾದಲ್ಲೂ ನಡೆಯುತ್ತವೆ. ವಿನೆಟ್ಕಾ, ವಿಲ್ಮೆಟ್, ಕೆನಿಲ್‌ವರ್ತ್, ಗ್ಲೆಂಕೋ, ನಾರ್ತ್‌ಫೀಲ್ಡ್ ಮತ್ತು ಅಕ್ಕಪಕ್ಕದ ಕೆಲವು ಭಾಗಗಳ ನಿವಾಸಿಗಳು ಕಟ್ಟುವ ಆಸ್ತಿ ತೆರಿಗೆಯೇ ಶಾಲೆಯ ಮುಖ್ಯ ಆದಾಯ. ದೇಶದ ಉತ್ತಮ ಸಾರ್ವಜನಿಕ ಶಾಲೆಗಳ ಸಾಲಿನಲ್ಲಿ ಇದರ ಹೆಸರು ದಶಕಗಳಿಂದ ಕೇಳಿಬರುತ್ತಿದೆ. ಆ ಹೆಸರು ಬರಲು ಪಾಠಕ್ರಮದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಇಲ್ಲಿನ ವಿದ್ಯಾರ್ಥಿ ಜೀವನ ಕಾರಣ. ಆ ಜೀವನವನ್ನು ಸಾಧ್ಯಮಾಡಿದ್ದು ಈ ಊರುಗಳ ಗಡಿಯೊಳಗೆ ಕೂಡಿಬಂದ ಆಸ್ತಿಯ ಬೆಲೆ. ಹಾಗಾಗಿ ಒಳಗಿದ್ದವರಿಗೆ ಶಾಲೆ ಏನು ಕೊಟ್ಟಿತು, ಹೊರಗೆ ಯಾರು ಉಳಿದರು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಿದರೆ ಈ ಶಾಲೆಯ ಚರಿತ್ರೆ ಅರ್ಥವಾಗುವುದಿಲ್ಲ.

ಶಾಲೆ ಹುಟ್ಟಿದ ಕಾಲದಲ್ಲಿ ಅಮೆರಿಕದಲ್ಲೂ ಪ್ರೌಢಶಾಲೆ ಎಲ್ಲರ ಪಾಲಿನದಾಗಿರಲಿಲ್ಲ. ತೆರಿಗೆಯ ಹಣದಿಂದ ಪ್ರೌಢಶಾಲೆ ನಡೆಸಬಹುದೇ ಎಂಬ ವ್ಯಾಜ್ಯ ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1874ರ ಕಲಮಜೂ ತೀರ್ಪಿನಲ್ಲಿ ನಡೆಸಬಹುದು ಎಂದು ಇತ್ಯರ್ಥವಾಯಿತು. ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದವು. ಷಿಕಾಗೊಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರ ಸಣ್ಣ ಸಣ್ಣ ಊರುಗಳಿಗೆ ಒಂಟಿಯಾಗಿ ದೊಡ್ಡ ಶಾಲೆ ಕಟ್ಟುವ ಶಕ್ತಿ ಇರಲಿಲ್ಲ. ಇಲಿನಾಯ್ ಕಾನೂನು ಹಲವು ಊರುಗಳು ಕೂಡಿ ಒಂದು ಪ್ರೌಢಶಾಲಾ ಜಿಲ್ಲೆ ಮಾಡಿಕೊಳ್ಳಲು ಅವಕಾಶ ಕೊಟ್ಟಿತ್ತು. ನ್ಯೂ ಟ್ರಯರ್ ರೂಪುಗೊಂಡದ್ದು ಹೀಗೆ. 1918ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಘ ನೇಮಿಸಿದ್ದ ಆಯೋಗವೊಂದು ಪ್ರೌಢಶಿಕ್ಷಣದ ಏಳು ಗುರಿಗಳನ್ನು ಹೇಳಿತು. ಆರೋಗ್ಯ, ಪೌರತ್ವ, ಬಿಡುವಿನ ಸದ್ಬಳಕೆ ಅವುಗಳಲ್ಲಿ ಸೇರಿದ್ದವು. ಆಟದ ಮೈದಾನ, ಈಜುಕೊಳ, ರಂಗಮಂದಿರ, ವಾದ್ಯವೃಂದಗಳು ಶಾಲೆಯ ಖರ್ಚಿನ ಪಟ್ಟಿಯಲ್ಲಿ ನ್ಯಾಯವಾಗಿ ಜಾಗ ಪಡೆದದ್ದು ಇಂಥ ಆಲೋಚನೆಯ ಬಲದಿಂದ. ಕೈಯಲ್ಲಿ ಹಣವಿದ್ದ ನ್ಯೂ ಟ್ರಯರ್‌ನಂಥ ಶಾಲೆಗಳು ಅದನ್ನು ಪೂರ್ತಿಯಾಗಿ ಜಾರಿಗೆ ತಂದವು.

ನ್ಯೂ ಟ್ರಯರ್‌ನ ವಿದ್ಯಾರ್ಥಿ ಜೀವನದ ನಡುಗಂಬ ಸಲಹೆಗಾರ ಕೊಠಡಿ. ಇಪ್ಪತ್ತನಾಲ್ಕರ ಆಸುಪಾಸಿನ ಮಕ್ಕಳ ಗುಂಪಿಗೆ ಒಬ್ಬ ಅಧ್ಯಾಪಕರು. ದಿನವೂ ಬೆಳಗ್ಗೆ ಭೇಟಿ. ವರ್ಷ ಕಳೆದರೂ ಗುಂಪು ಒಡೆಯುವುದಿಲ್ಲ. 1920ರ ದಶಕದಲ್ಲಿ ಆರಂಭವಾದ ಈ ಪದ್ಧತಿ ಇಂದಿಗೂ ನಡೆದುಬಂದಿದೆ. ಇದರ ಸುತ್ತ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ, ರೇಡಿಯೊ ಕೇಂದ್ರ, ಜಾಜ್ ತಂಡಗಳು, ನಾಟಕ, ಹತ್ತಾರು ಕ್ರೀಡೆಗಳು ಬೆಳೆದವು. ನಟ ಚಾರ್ಲ್‌ಟನ್ ಹೆಸ್ಟನ್ ರಂಗಕಲೆ ಕಲಿತದ್ದು ಇಲ್ಲಿ. ಅದರ ಬಲದಿಂದಲೇ ಅವರಿಗೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ದೊರಕಿತು. ನಟಿ ಆನ್-ಮಾರ್ಗ್ರೆಟ್ ಕೂಡ ಇಲ್ಲಿಯ ವಿದ್ಯಾರ್ಥಿನಿ. ಮುಂದೆ ರಕ್ಷಣಾ ಸಚಿವರಾದ ಡೊನಾಲ್ಡ್ ರಮ್ಸ್‌ಫೆಲ್ಡ್ ಇಲ್ಲಿಯ ಕುಸ್ತಿ ತಂಡದಲ್ಲಿದ್ದರು. ಕ್ರೀಡೆಯಲ್ಲಿ ಹುಡುಗಿಯರ ಪಾಲು ಮಾತ್ರ ಬಹುಕಾಲ ಕಡಿಮೆಯೇ ಇತ್ತು, ಅದು ಇಡೀ ದೇಶದ ಸ್ಥಿತಿ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾಯ್ದೆ ಬರುವ ಹೊತ್ತಿಗೆ ಅಮೆರಿಕದ ಪ್ರೌಢಶಾಲಾ ಕ್ರೀಡಾ ತಂಡಗಳಲ್ಲಿ 3 ಲಕ್ಷ ಹುಡುಗಿಯರೂ ಇರಲಿಲ್ಲ. ಈಗ ಅವರ ಸಂಖ್ಯೆ 30 ಲಕ್ಷ ದಾಟಿದೆ.

ಇಷ್ಟು ದೊಡ್ಡ ಶಾಲೆಯಲ್ಲಿ ಮಗು ಕಳೆದುಹೋಗುವುದಿಲ್ಲವೇ ಎಂಬುದು ಹಳೆಯ ಆಕ್ಷೇಪ. ಅದಕ್ಕೆ ಆಧಾರವೂ ಇದೆ. ಮನಶ್ಶಾಸ್ತ್ರಜ್ಞರಾದ ರಾಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಕ್ಯಾನ್ಸಸ್‌ನ ಶಾಲೆಗಳನ್ನು ಅಧ್ಯಯನಮಾಡಿ 1964ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಬಗೆ ಹೆಚ್ಚಿದ್ದರೂ ಅವುಗಳಲ್ಲಿ ಹೊಣೆ ಹೊತ್ತು ಪಾಲ್ಗೊಳ್ಳುವ ಅವಕಾಶ ಸಣ್ಣ ಶಾಲೆಯ ಮಕ್ಕಳಿಗೇ ಹೆಚ್ಚು. ಈ ಮಾತನ್ನು ತಳ್ಳಿಹಾಕಲಾಗದು. ನಾಲ್ಕು ಸಾವಿರ ಮಕ್ಕಳಿದ್ದರೂ ಬ್ಯಾಸ್ಕೆಟ್‌ಬಾಲ್ ಮೈದಾನಕ್ಕೆ ಒಮ್ಮೆಗೆ ಇಳಿಯುವವರು ಐವರೇ. ಆದರೆ ಬಾರ್ಕರ್ ಮತ್ತು ಗಂಪ್ ತೋರಿಸಿದ ಕೊರತೆಯನ್ನು ನ್ಯೂ ಟ್ರಯರ್ ಸಲಹೆಗಾರ ಕೊಠಡಿಯ ಮೂಲಕ ನಾಲ್ಕು ದಶಕ ಮೊದಲೇ ಎದುರಿಸಲು ಹೊರಟಿತ್ತು. ಪ್ರತಿ ಇಪ್ಪತ್ತನಾಲ್ಕು ಮಕ್ಕಳಿಗೆ ಒಬ್ಬ ಅಧ್ಯಾಪಕರ ಸಮಯವನ್ನು ದಿನವೂ ಮೀಸಲಿಡುವುದು ದುಬಾರಿ ಪರಿಹಾರ. ದೊಡ್ಡ ಶಾಲೆಯ ದೋಷ ನೀಗಲು ಬೇಕಾದದ್ದು ಹಣ ಎಂಬುದನ್ನೇ ಇದು ತೋರಿಸುತ್ತದೆ.

ಆ ಹಣ ಬರುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೆಲೆಬಾಳುವ ಮನೆಗಳಿರುವ ಜಿಲ್ಲೆ ಕಡಿಮೆ ದರದ ತೆರಿಗೆ ಹಾಕಿದರೂ ಒಂದೊಂದು ಮಗುವಿನ ಪಾಲಿಗೆ ಹೆಚ್ಚು ಹಣ ಕೂಡುತ್ತದೆ. ಬಡ ಜಿಲ್ಲೆ ಹೆಚ್ಚಿನ ದರ ಹಾಕಿದರೂ ಅಷ್ಟು ಕೂಡುವುದಿಲ್ಲ. ಶಾಲೆ ಚೆನ್ನಾಗಿದ್ದರೆ ಮನೆಯ ಬೆಲೆ ಏರುತ್ತದೆ, ಬೆಲೆ ಏರಿದರೆ ಶಾಲೆಗೆ ಮತ್ತಷ್ಟು ಹಣ. ಎರಡನೆಯ ಮಹಾಯುದ್ಧದ ನಂತರ ಮಕ್ಕಳ ಸಂಖ್ಯೆ ಉಕ್ಕಿದಾಗ ನಾರ್ತ್‌ಫೀಲ್ಡ್‌ನಲ್ಲಿ 1965ರಲ್ಲಿ ಎರಡನೆಯ ಶಾಲೆಯನ್ನೇ ತೆರೆಯಲು ಸಾಧ್ಯವಾಯಿತು. ಸಂಖ್ಯೆ ಇಳಿದಾಗ 1985ರಲ್ಲಿ ಅದನ್ನು ಮುಚ್ಚಿ, 2001ರಲ್ಲಿ 9ನೆಯ ತರಗತಿಯ ಆವರಣವಾಗಿ ಮತ್ತೆ ತೆರೆದರು. ಲೇಖಕ ಜೊನಾಥನ್ ಕೋಝಲ್ 1991ರ ತಮ್ಮ 'ಸ್ಯಾವೇಜ್ ಇನ್‌ಈಕ್ವಾಲಿಟೀಸ್' ಪುಸ್ತಕದಲ್ಲಿ ನ್ಯೂ ಟ್ರಯರ್ ಅನ್ನು ಷಿಕಾಗೊದ ಬಡ ಬಡಾವಣೆಯ ದು ಸೇಬಲ್ ಶಾಲೆಯ ಪಕ್ಕದಲ್ಲಿಟ್ಟು ನೋಡಿದರು. ಇಲ್ಲಿ ಒಬ್ಬ ಸಲಹೆಗಾರರಿಗೆ ಇಪ್ಪತ್ತನಾಲ್ಕು ಮಕ್ಕಳಿದ್ದರೆ ಅಲ್ಲಿ ಆಗ 420 ಮಕ್ಕಳಿದ್ದರು.

ಮನೆ ಕೊಂಡವರೆಲ್ಲರಿಗೂ ಶಾಲೆ ತೆರೆದೇ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಮನೆ ಕೊಳ್ಳುವ ಅವಕಾಶವೇ ಎಲ್ಲರಿಗೂ ಇರಲಿಲ್ಲ. ಬಿಳಿಯರಲ್ಲದವರಿಗೆ ಮಾರಕೂಡದೆಂಬ ಕರಾರುಗಳು ಷಿಕಾಗೊ ಸುತ್ತ ಸಾಮಾನ್ಯವಾಗಿದ್ದವು. 1948ರಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದ ಮೇಲೂ ದಲ್ಲಾಳಿಗಳ ನಡವಳಿಕೆ ಬದಲಾಗಲಿಲ್ಲ. ಇದರ ವಿರುದ್ಧ ಸ್ಥಳೀಯರೇ ಚಳವಳಿ ಹೂಡಿದ್ದಾಗ, 1965ರ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ವಿನೆಟ್ಕಾದ ಮೈದಾನದಲ್ಲಿ ಸಾವಿರಾರು ಜನರ ಮುಂದೆ ಮಾತನಾಡಿದರು. ನ್ಯಾಯಾಲಯದ ದಾರಿಯೂ ತೆರೆಯಲಿಲ್ಲ. ಶಾಲಾ ಜಿಲ್ಲೆಗಳ ನಡುವಿನ ಹಣದ ಅಂತರ ಸಂವಿಧಾನಬಾಹಿರವಲ್ಲ ಎಂದು ಸುಪ್ರೀಂ ಕೋರ್ಟಿನ 1973ರ ರೊಡ್ರಿಗೆಜ್ ತೀರ್ಪೂ, ನಗರದ ಶಾಲೆಗಳ ವರ್ಣಭೇದ ನೀಗಲು ಉಪನಗರಗಳನ್ನು ಒಳಗೊಳಿಸಬೇಕಿಲ್ಲ ಎಂದು 1974ರ ಮಿಲಿಕನ್ ತೀರ್ಪೂ ಹೇಳಿದವು. ಎರಡೂ ಐದಕ್ಕೆ ನಾಲ್ಕರ ಬಹುಮತದವು. ಒಬ್ಬ ನ್ಯಾಯಮೂರ್ತಿಯ ಮತ ಬೇರೆಯಾಗಿದ್ದರೆ ಅಮೆರಿಕದ ಉಪನಗರ ಶಾಲೆಯ ಸ್ವರೂಪವೇ ಬೇರೆಯಾಗುತ್ತಿತ್ತು. 1965ರ ವಲಸೆ ಕಾಯ್ದೆಯ ನಂತರ ಅಮೆರಿಕಕ್ಕೆ ಹೋಗಿ ಉಪನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ವ್ಯವಸ್ಥೆ ಚೆನ್ನಾಗಿ ಗೊತ್ತು. ಅಲ್ಲಿ ಮನೆ ನೋಡುವಾಗ ಸ್ಕೂಲ್ ಡಿಸ್ಟ್ರಿಕ್ಟ್ ಯಾವುದೆಂದು ಮೊದಲೇ ವಿಚಾರಿಸುತ್ತಾರೆ.

ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮಕ್ಕಳ ಕಲಿಕೆಯನ್ನು ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ನಿರ್ಧರಿಸುತ್ತದೆ ಎಂದು ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ 1966ರ ವರದಿಯಲ್ಲಿ ತೋರಿಸಿದರು. ಹಾಗಾದರೆ ಹಣದ ಅಂತರಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಕೋಲ್‌ಮನ್ ಅಳೆದದ್ದು ಮುಖ್ಯವಾಗಿ ಪರೀಕ್ಷೆಯ ಅಂಕಗಳನ್ನು. ಓದಿನ ಮನೆತನದ ಮಗು ಎಲ್ಲಿದ್ದರೂ ಲೆಕ್ಕ ಕಲಿತೀತು. ಆದರೆ ಎಂಬತ್ತು ಜನರ ವಾದ್ಯವೃಂದವನ್ನೋ ರೇಡಿಯೊ ಕೇಂದ್ರವನ್ನೋ ಯಾವ ಮನೆಯೂ ಒಂಟಿಯಾಗಿ ಕಟ್ಟಿಕೊಡಲಾರದು. ಅವು ಸಾರ್ವಜನಿಕ ಸಂಸ್ಥೆಯಿಂದಷ್ಟೇ ಸಿಗುವಂಥವು. ಹಣದ ಅಂತರ ಅತಿ ಹೆಚ್ಚು ಕಾಡುವುದೂ ಅಲ್ಲಿಯೇ. ಈ ಅಂತರವನ್ನು ಪ್ರತಿಭಟಿಸಿ 2008ರ ಶಾಲಾ ವರ್ಷದ ಮೊದಲ ದಿನ ರಾಜ್ಯ ಸೆನೆಟರ್ ಜೇಮ್ಸ್ ಮೀಕ್ಸ್ ಅವರ ನೇತೃತ್ವದಲ್ಲಿ ಷಿಕಾಗೊದ ಸಾವಿರದಷ್ಟು ಮಕ್ಕಳು ತಮ್ಮ ಶಾಲೆಗಳನ್ನು ಬಹಿಷ್ಕರಿಸಿ, ಬಸ್ಸುಗಳಲ್ಲಿ ಬಂದು ನ್ಯೂ ಟ್ರಯರ್‌ಗೆ ಪ್ರವೇಶದ ಅರ್ಜಿ ತುಂಬಿದರು. ಆಗ ಇಲ್ಲಿ ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ ಸುಮಾರು 17,000 ಡಾಲರ್, ಷಿಕಾಗೊದಲ್ಲಿ 10,000ಕ್ಕಿಂತ ಸ್ವಲ್ಪ ಹೆಚ್ಚು ಖರ್ಚಾಗುತ್ತಿತ್ತು. 2017ರಲ್ಲಿ ಇಲಿನಾಯ್ ಹೊಸ ಅನುದಾನ ಸೂತ್ರ ತಂದು, ರಾಜ್ಯದ ಹೆಚ್ಚುವರಿ ಹಣ ಮೊದಲು ಬಡ ಜಿಲ್ಲೆಗಳಿಗೆ ಹೋಗುವಂತೆ ಮಾಡಿತು. ಜಿಲ್ಲೆಗಳ ಗಡಿಯನ್ನು ಆ ಕಾನೂನು ಮುಟ್ಟಲಿಲ್ಲ. ನ್ಯೂ ಟ್ರಯರ್‌ಗೆ ಸೇರಲು ಇಂದಿಗೂ ಆ ಗಡಿಯೊಳಗೆ ವಾಸವಿರುವ ದಾಖಲೆ ತೋರಿಸಬೇಕು.