ಆಜ್ಞೆ ಬಾರದ ರಾತ್ರಿ

ತರಬೇತು ಎಂಬ ಮಾತು ನಮ್ಮ ಭಾಷೆಗೆ ಹೊರಗಿನಿಂದ ಬಂದು ಸೇರಿಕೊಂಡದ್ದು. ಅರಬ್ಬಿಯಲ್ಲಿ ಅದರ ಮೂಲರೂಪಕ್ಕೆ ಸಾಕುವುದು, ಬೆಳೆಸುವುದು, ಸಂಸ್ಕಾರ ಕೊಡುವುದು ಎಂಬ ಅರ್ಥವುಂಟು. ನಮ್ಮಲ್ಲಿ ಅದು ದಂಡಿನ ಪಾಳೆಯ, ಕವಾಯತಿನ ಮೈದಾನ, ಕುದುರೆಯ ಲಾಯಗಳ ಸಹವಾಸದಿಂದ ಬೇರೊಂದು ಬಣ್ಣವನ್ನು ತಳೆಯಿತು. ತರಬೇತಾದವನು ಎಂದರೆ ಹೇಳಿದಂತೆ ಕೇಳುವವನು, ಆಜ್ಞೆಯಾದೊಡನೆ ಹೆಜ್ಜೆ ಹಾಕುವವನು ಎಂಬ ಭಾವನೆ ನಮ್ಮಲ್ಲಿ ನೆಲೆಯೂರಿದೆ. ಈ ಎರಡು ಅರ್ಥಗಳ ನಡುವಣ ಅಂತರಕ್ಕೆ ಎಷ್ಟು ಜೀವಗಳ ಬೆಲೆಯನ್ನು ತೆರಬೇಕಾಗಬಹುದು ಎಂಬುದನ್ನು ತಿಳಿಯಲು ಕಡಲ ನಡುವೆ ತೈಲ ತೆಗೆಯುವವರ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಬ್ರಿಟನ್ನಿಗೂ ನಾರ್ವೆಗೂ ನಡುವೆ ಇರುವ ಉತ್ತರ ಸಮುದ್ರ ಶಾಂತವಾದ ಕಡಲಲ್ಲ. ಅಲ್ಲಿ 1960ರ ದಶಕದಲ್ಲಿ ಅನಿಲಕ್ಕಾಗಿ, ತೈಲಕ್ಕಾಗಿ ಶೋಧ ತೊಡಗಿತು. ಬ್ರಿಟನ್ನಿನ ಪಾಲಿನ ಕಡಲಲ್ಲಿ ಮೊದಲು ಅನಿಲವನ್ನು ಕಂಡುಹಿಡಿದ ವೇದಿಕೆಯ ಹೆಸರು 'ಸೀ ಜೆಮ್', ಕಡಲಿನ ರತ್ನ. ಆ ಸಂತೋಷದ ವಾರ್ತೆ ಹಳತಾಗುವ ಮೊದಲೇ, 1965ರ ಡಿಸೆಂಬರ್ 27ರಂದು, ಅದರ ಕಾಲುಗಳು ಕುಸಿದು 13 ಮಂದಿ ಮಡಿದರು. ಹಡಗಿಗೊಬ್ಬ ಕಪ್ತಾನನಿರುವಂತೆ ಇಂಥ ವೇದಿಕೆಗೂ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರಬೇಕೆಂಬ ಸಾಮಾನ್ಯ ಸಂಗತಿ ಬ್ರಿಟನ್ನಿನ ಶಾಸನದಲ್ಲಿ ಸೇರಿದ್ದು ಆ ಸಾವುಗಳ ತರುವಾಯ, 1971ರಲ್ಲಿ. ಈ ಉದ್ಯಮದ ನಿಯಮಾವಳಿಯಲ್ಲಿ ಬಹುಪಾಲು ಹೀಗೆಯೇ, ಸತ್ತವರ ಹಿಂದೆ ಹಿಂದೆಯೇ ಬರೆಯುತ್ತ ಹೋದದ್ದು.

ಅಟ್ಲಾಂಟಿಕಿನ ಆಚೆಯ ದಡದ ಪಾಠ ಇನ್ನೂ ಕಠಿನವಾದದ್ದು. ಕೆನಡದ ನ್ಯೂಫೌಂಡ್‌ಲೆಂಡ್ ತೀರದಿಂದ ದೂರದಲ್ಲಿ 'ಓಷನ್ ರೇಂಜರ್' ಎಂಬ ತೇಲುವ ವೇದಿಕೆ ಬಾವಿ ಕೊರೆಯುತ್ತಿತ್ತು. 1982ರ ಫೆಬ್ರವರಿಯ ಬಿರುಗಾಳಿಯಲ್ಲಿ ಒಂದು ಅಲೆ ಅದರ ಸಮತೋಲವನ್ನು ಕಾಯುವ ಕೊಠಡಿಯ ಗಾಜನ್ನು ಒಡೆಯಿತು. ಉಪ್ಪುನೀರು ನುಗ್ಗಿ ವಿದ್ಯುತ್ ಫಲಕ ಕೆಟ್ಟಿತು. ಆ ಕೆಡುಕನ್ನು ಕೈಯಿಂದ ಸರಿಪಡಿಸುವ ಬಗೆ ಯಂತ್ರದಲ್ಲಿತ್ತು. ಅದನ್ನು ಬಲ್ಲವರು ಕೊಠಡಿಯಲ್ಲಿರಲಿಲ್ಲ. ಹಡಗು ವಾಲಿ ಮುಳುಗಿತು. ಅದರಲ್ಲಿದ್ದ 84 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ವಿನ್ಯಾಸದ ದೋಷದೊಡನೆ ತರಬೇತಿನ ಕೊರತೆಯನ್ನೂ ರಾಯಲ್ ಆಯೋಗ ಎತ್ತಿ ಹೇಳಿತು. ಒಡೆದ ಗಾಜಿನಿಂದ ತೊಡಗಿದ ಕೇಡು, ಅರಿಯದ ಕೈಗಳಲ್ಲಿ ಪೂರ್ಣಗೊಂಡಿತು.

ಇವೆರಡೂ ಕಲಿಸದೆ ಹೋದುದರ ಕಥೆಗಳು. ನಾನು ಮುಖ್ಯವಾಗಿ ಹೇಳಬೇಕಾದದ್ದು ಅರ್ಧ ಕಲಿಸಿದುದರ ಕಥೆ.

ಸ್ಕಾಟ್ಲೆಂಡಿನ ಅಬರ್ಡೀನ್ ನಗರದಿಂದ ಈಶಾನ್ಯಕ್ಕೆ ಸುಮಾರು 190 ಕಿಲೋಮೀಟರ್ ದೂರದಲ್ಲಿ 'ಪೈಪರ್ ಆಲ್ಫಾ' ಎಂಬ ವೇದಿಕೆ ನಿಂತಿತ್ತು. 1976ರ ಕೊನೆಯಲ್ಲಿ ಅದು ತೈಲ ತೆಗೆಯಲು ತೊಡಗಿತು. ಆಕ್ಸಿಡೆಂಟಲ್ ಸಂಸ್ಥೆ ಅದನ್ನು ನಡೆಸುತ್ತಿತ್ತು; ದುಡಿಯುವವರಲ್ಲಿ ಬಹುಪಾಲು ಜನ ಗುತ್ತಿಗೆದಾರರ ಕಡೆಯವರು. ಮೊದಲು ತೈಲಕ್ಕೆಂದು ಕಟ್ಟಿದ ವೇದಿಕೆಗೆ ಆಮೇಲೆ ಅನಿಲವನ್ನು ಸಂಸ್ಕರಿಸುವ ಯಂತ್ರಗಳನ್ನು ಸೇರಿಸಿದರು. ತೈಲದ ಬೆಂಕಿಯನ್ನು ತಡೆಯಬಲ್ಲ ಗೋಡೆಗಳು ಅಲ್ಲಿದ್ದವು, ಆದರೆ ಅನಿಲದ ಆಸ್ಫೋಟವನ್ನು ತಾಳುವ ಶಕ್ತಿ ಅವಕ್ಕಿರಲಿಲ್ಲ. ಅಡುಗೆಮನೆಗೆಂದು ಕಟ್ಟಿದ ಕೋಣೆಯಲ್ಲಿ ಪಟಾಕಿಯ ದಾಸ್ತಾನು ಇಟ್ಟಂತೆ.

ಇಂಥ ವೇದಿಕೆಯಲ್ಲಿ ಯಾವ ಯಂತ್ರವನ್ನು ಬಿಚ್ಚಬೇಕಾದರೂ ಒಂದು ಪರವಾನೆ ಚೀಟಿ ಬೇಕು. ಯಾವ ಕೆಲಸ, ಯಾರು ಮಾಡುವವರು, ಮುಗಿಯಿತೇ ಇಲ್ಲವೇ ಎಂಬುದಕ್ಕೆ ಅದೇ ಸಾಕ್ಷಿ. 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪನ್ನು ದುರಸ್ತಿಗೆಂದು ನಿಲ್ಲಿಸಿದ್ದರು. ಅದಕ್ಕೆ ಸೇರಿದ ಸುರಕ್ಷಾ ಕವಾಟವನ್ನು ಪರೀಕ್ಷೆಗಾಗಿ ಬಿಚ್ಚಿ, ಆ ಜಾಗಕ್ಕೆ ಒಂದು ಲೋಹದ ಮುಚ್ಚಳ ಹಾಕಿದ್ದರು. ಪಂಪಿಗೊಂದು ಚೀಟಿ, ಕವಾಟಕ್ಕೊಂದು ಚೀಟಿ. ಸಂಜೆಯಾದರೂ ಕವಾಟದ ಕೆಲಸ ಮುಗಿಯಲಿಲ್ಲ. ಅರ್ಧಕ್ಕೆ ನಿಂತ ಕೆಲಸಗಳ ಚೀಟಿಗಳನ್ನು ಇಡುತ್ತಿದ್ದುದು ಸುರಕ್ಷಾ ಕಚೇರಿಯಲ್ಲಿ. ಯಂತ್ರಗಳನ್ನು ನಡೆಸುವವರು ಇದ್ದದ್ದು ನಿಯಂತ್ರಣ ಕೊಠಡಿಯಲ್ಲಿ. ರಾತ್ರಿ ಸುಮಾರು ಒಂಬತ್ತೂಮುಕ್ಕಾಲಿಗೆ ಇನ್ನೊಂದು ಪಂಪು ನಿಂತುಹೋಯಿತು. ರಾತ್ರಿ ಪಾಳಿಯವರಿಗೆ ಮೊದಲನೆಯ ಪಂಪಿನ ಚೀಟಿ ಸಿಕ್ಕಿತು, ಕವಾಟದ ಚೀಟಿ ಕಾಣಲಿಲ್ಲ. ಅವರು ಪಂಪನ್ನು ಚಾಲೂ ಮಾಡಿದರು. ಬಿಗಿಯಿಲ್ಲದ ಮುಚ್ಚಳದಿಂದ ಲಘು ತೈಲ ಹೊರನುಗ್ಗಿತು. ಹತ್ತು ಗಂಟೆಗೆ ಆಸ್ಫೋಟವಾಯಿತು.

ಇದು ಯಾರೋ ಒಬ್ಬನ ಮರೆವಿನಿಂದಾದ ಕೇಡೆಂದು ತೀರ್ಮಾನಿಸುವುದು ಸುಲಭ, ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ವೇದಿಕೆಯಲ್ಲಿ ಒಬ್ಬ ಕಾರ್ಮಿಕ ಅಪಘಾತದಲ್ಲಿ ಮಡಿದಿದ್ದ. ಪರವಾನೆಯ ಲೋಪ, ಒಂದು ಪಾಳಿಯಿಂದ ಇನ್ನೊಂದಕ್ಕೆ ವಿಷಯ ಸರಿಯಾಗಿ ದಾಟದಿರುವುದು, ಇವೇ ಅಂದೂ ಬಯಲಾಗಿದ್ದವು. ಸಂಸ್ಥೆ ನ್ಯಾಯಾಲಯದಲ್ಲಿ ತಪ್ಪನ್ನು ಒಪ್ಪಿಕೊಂಡಿತ್ತು. ಹಾಗಿದ್ದರೂ ಆ ಚೀಟಿಗಳ ವ್ಯವಹಾರವನ್ನು ಯಾರಿಗೂ ಕ್ರಮವಾಗಿ ಕಲಿಸಿರಲಿಲ್ಲ. ಹಳಬರನ್ನು ನೋಡಿ ಹೊಸಬರು ಕಲಿಯುತ್ತಿದ್ದರು. ಹಳಬರ ಜಾಣ್ಮೆಯೊಡನೆ ಅವರ ಸಡಿಲತನವೂ ಹೊಸಬರಿಗೆ ಬಳುವಳಿಯಾಗಿ ಬಂತು.

ಮೊದಲ ಆಸ್ಫೋಟಕ್ಕೆ ನಿಯಂತ್ರಣ ಕೊಠಡಿಯೇ ಹಾಳಾಯಿತು. ಧ್ವನಿವರ್ಧಕಗಳು ಮೌನವಾದವು. ಬೆಂಕಿಗೆ ನೀರು ಹಾಯಿಸುವ ಪಂಪುಗಳು ತಾವಾಗಿ ಹೊರಡಲಿಲ್ಲ. ನೀರಿನಲ್ಲಿ ಕೆಲಸ ಮಾಡುವ ಮುಳುಗುಗಾರರನ್ನು ಅವು ಸೆಳೆದಾವೆಂಬ ಭಯದಿಂದ ಅವನ್ನು ಕೈಚಾಲನೆಗೆ ಬದಲಿಸಿಟ್ಟಿದ್ದರು. ಹೊಗೆ, ಜ್ವಾಲೆಗಳಿಂದ ಜೀವರಕ್ಷಕ ದೋಣಿಗಳ ದಾರಿ ಮುಚ್ಚಿತು. ಜನ ವಸತಿಯ ಕಟ್ಟಡಕ್ಕೆ ಹಿಂದಿರುಗಿ, ಊಟದ ಮನೆಯ ಸುತ್ತಮುತ್ತ ಸೇರಿದರು. ಹೆಲಿಕಾಪ್ಟರು ಬರುತ್ತದೆ, ಕಾಯಬೇಕು: ಅವರಿಗೆ ಕಲಿಸಿದ್ದು ಇದು. ಆದರೆ ಹೆಲಿಕಾಪ್ಟರು ಇಳಿಯುವ ಅಟ್ಟವನ್ನು ಮೊದಲ ನಿಮಿಷಗಳಲ್ಲಿಯೇ ಹೊಗೆ ಆವರಿಸಿತ್ತು. ಯಾವ ಯಂತ್ರಪಕ್ಷಿಯೂ ಅಲ್ಲಿ ಇಳಿಯುವಂತಿರಲಿಲ್ಲ. ಕೆಳಗೆ ಇಳಿಯಿರಿ, ಕಡಲಿಗೆ ಹಾರಿರಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಅಕ್ಕಪಕ್ಕದ 'ಟಾರ್ಟನ್', 'ಕ್ಲೇಮೋರ್' ವೇದಿಕೆಗಳಲ್ಲೂ ಇದೇ ಕಾಯುವಿಕೆ. ಅವು ಕೊಳವೆಗಳ ಮೂಲಕ ಪೈಪರಿಗೆ ಸೇರಿಕೊಂಡಿದ್ದವು. ಪೈಪರ್ ಉರಿಯುತ್ತಿರುವುದು ಅಲ್ಲಿಯವರ ಕಣ್ಣಿಗೆ ಕಾಣುತ್ತಿತ್ತು. ಆದರೂ ಉತ್ಪಾದನೆಯನ್ನು ನಿಲ್ಲಿಸಲು ಅವರ ಮನಸ್ಸು ಹಿಂಜರಿಯಿತು. ಕ್ಲೇಮೋರಿನಿಂದ ತೈಲ ನಿಲ್ಲಲು ಸುಮಾರು ಒಂದು ಗಂಟೆ ಹಿಡಿಯಿತು. ನೆರೆಯ ವೇದಿಕೆಗೆ ಬೆಂಕಿ ಬಿದ್ದಾಗ ತಾವೇನು ಮಾಡಬೇಕೆಂಬುದನ್ನು ಆ ಅಧಿಕಾರಿಗಳಿಗೂ ಯಾರೂ ಕಲಿಸಿರಲಿಲ್ಲ. ಹತ್ತೂಇಪ್ಪತ್ತರ ಸುಮಾರಿಗೆ ಟಾರ್ಟನ್ನಿನ ಅನಿಲದ ಕೊಳವೆ ಸಿಡಿಯಿತು. ಆಮೇಲೆ ಒಂದರ ಹಿಂದೊಂದು ಸಿಡಿದವು. ವಸತಿಯ ಕಟ್ಟಡ ಕಡಲಿಗೆ ಜಾರಿತು.

ವೇದಿಕೆಯಲ್ಲಿದ್ದವರು 226. ಬದುಕಿ ಉಳಿದವರು 61. ರಕ್ಷಣೆಗೆ ಬಂದ ದೋಣಿಯ ಇಬ್ಬರೂ ಸೇರಿ ಸತ್ತವರ ಸಂಖ್ಯೆ 167. ಬಹುಪಾಲು ಜನರನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ. ಉಳಿದವರು ಹೇಗೆ ಉಳಿದರು? ಅವರು ಕಾಯಲಿಲ್ಲ. ಹಗ್ಗ ಹಿಡಿದೋ ಏಣಿಗಳಲ್ಲೋ ಇಳಿದರು. ಬೇರೆ ದಾರಿ ಕಾಣದವರು ಹತ್ತಾರು ಮೀಟರು ಎತ್ತರದಿಂದ ಕಡಲಿಗೆ ಹಾರಿದರು. ಅಷ್ಟು ಎತ್ತರದಿಂದ ಹಾರುವುದು ಸಾವಿಗೆ ಸಮಾನವೆಂಬ ನಂಬಿಕೆ ಅಲ್ಲಿತ್ತು. ಹಾಗೆ ಹಾರಿದವರಲ್ಲಿ ಬದುಕಿದವರಿದ್ದಾರೆ. ಕಲಿತಂತೆ ಕುಳಿತು ಕಾದವರು ಹಿಂದಿರುಗಲಿಲ್ಲ.

ಇದರಿಂದ ತರಬೇತು ವ್ಯರ್ಥ, ಕೇಳದವನೇ ಜಾಣ ಎಂದು ಹೊರಡುವುದು ಅವಸರದ ಮಾತು. ಕಾದವರು ಹೇಡಿಗಳೂ ಅಲ್ಲ, ಮಂದಮತಿಗಳೂ ಅಲ್ಲ. ಅವರು ವಿಶ್ವಾಸವಿಟ್ಟವರು. ತಪ್ಪಿದ್ದುದು ಆ ವಿಶ್ವಾಸವನ್ನು ಬೇಡಿದ ವ್ಯವಸ್ಥೆಯಲ್ಲಿ. ಸ್ಕಾಟ್ಲೆಂಡಿನ ನ್ಯಾಯಾಧೀಶರಾದ ಲಾರ್ಡ್ ಕಲೆನ್ ಅವರು 1989ರ ಜನವರಿಯಿಂದ 180 ದಿನ ಸಾಕ್ಷ್ಯಗಳನ್ನು ಕೇಳಿ, 1990ರ ನವೆಂಬರಿನಲ್ಲಿ ಪ್ರಕಟವಾದ ವರದಿಯಲ್ಲಿ ಇದನ್ನು ಬಿಡಿಸಿಟ್ಟರು. ಹೊಸದಾಗಿ ಬಂದವರಿಗೆ ಕೊಡುತ್ತಿದ್ದ ಪರಿಚಯ ಅವಸರದ್ದು. ಜೀವರಕ್ಷಕ ದೋಣಿ ಎಲ್ಲಿದೆಯೆಂಬುದನ್ನೂ ಕೆಲವರಿಗೆ ತೋರಿಸಿರಲಿಲ್ಲ. ವಾರಕ್ಕೊಮ್ಮೆ ನಡೆಯಬೇಕಾಗಿದ್ದ ಕವಾಯತು ಕ್ರಮವಾಗಿ ನಡೆಯುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆಜ್ಞೆ ಕೊಡಬೇಕಾದವರಿಗೇ ಮಹಾವಿಪತ್ತಿನಲ್ಲಿ ಆಜ್ಞೆ ಕೊಡುವ ತರಬೇತು ಇರಲಿಲ್ಲ. ಪಾಲಿಸುವುದನ್ನು ಕೆಳಗಿನವರಿಗೆ ಕಲಿಸಿ, ನಿರ್ಧರಿಸುವುದನ್ನು ಮೇಲಿನವರಿಗೆ ಕಲಿಸದೆ ಬಿಟ್ಟರೆ ಆಗುವುದೇನು? ಎಲ್ಲರೂ ಒಂದೆಡೆ ಸೇರಿ, ಬಾರದ ಮಾತಿಗಾಗಿ ಕಿವಿಗೊಟ್ಟು ಕುಳಿತಿರುವುದು.

ಕಲೆನ್ ವರದಿಯ 106 ಶಿಫಾರಸುಗಳನ್ನೂ ಸರ್ಕಾರ ಒಪ್ಪಿಕೊಂಡಿತು. ತೈಲೋತ್ಪಾದನೆಯನ್ನು ಪ್ರೋತ್ಸಾಹಿಸುವ ಇಲಾಖೆಯೇ ಅದರ ಸುರಕ್ಷೆಯನ್ನೂ ನೋಡಿಕೊಳ್ಳುವ ಏರ್ಪಾಡು ಕೊನೆಗೊಂಡಿತು. ತನ್ನ ವೇದಿಕೆಯಲ್ಲಿ ಏನೇನು ಕೆಡಬಹುದು, ಕೆಟ್ಟರೆ ಜನ ಹೇಗೆ ಪಾರಾಗುತ್ತಾರೆ ಎಂಬುದನ್ನು ಒಡೆಯನೇ ಬರೆದು ಸಮರ್ಥಿಸಬೇಕೆಂಬ ನಿಯಮ 1992ರಲ್ಲಿ ಬಂದಿತು. ಇಂದು ಅಲ್ಲಿ ಕೆಲಸಕ್ಕೆ ಹೋಗುವವನು ಮೊದಲು ಒಂದು ಕೊಳಕ್ಕೆ ಇಳಿಯಬೇಕು. ಹೆಲಿಕಾಪ್ಟರಿನಂತಿರುವ ಪೆಟ್ಟಿಗೆಯಲ್ಲಿ ಅವನನ್ನು ಕಟ್ಟಿ ಕೂರಿಸಿ, ನೀರಿನಲ್ಲಿ ಮುಳುಗಿಸಿ, ತಲೆಕೆಳಗು ಮಾಡುತ್ತಾರೆ. ದಿಕ್ಕು ತಪ್ಪುತ್ತದೆ, ಮೂಗಿಗೆ ನೀರು ನುಗ್ಗುತ್ತದೆ. ಆಗ ಒಂದು ಕೈಯಿಂದ ಕಿಟಕಿಯ ಅಂಚನ್ನು ಹಿಡಿದುಕೊಂಡೇ ಪಟ್ಟಿ ಬಿಚ್ಚಿ ಹೊರಬರಬೇಕು. ಎಲ್ಲಿ ಕೂತಿದ್ದೇನೆ, ಹೊರಗಿನ ದಾರಿ ಯಾವ ಕಡೆಗಿದೆ ಎಂಬುದನ್ನು ಮೈಗೆ ತಿಳಿಸಿಕೊಡುವ ವಿದ್ಯೆ ಅದು. ನಾಲ್ಕು ವರ್ಷಗಳಿಗೊಮ್ಮೆ ಅದನ್ನು ಮತ್ತೆ ಮಾಡಬೇಕು, ಏಕೆಂದರೆ ಮೈಯೂ ಮರೆಯುತ್ತದೆ. ವೇದಿಕೆಯ ಮುಖ್ಯಸ್ಥನಾಗುವವನಿಗೂ ಕೃತಕವಾಗಿ ಒಡ್ಡಿದ ವಿಪತ್ತಿನಲ್ಲಿ ಪರೀಕ್ಷೆಯುಂಟು.

ನಮ್ಮ ದೇಶದ ಮಾತು ಬಂದರೆ, 1952ರ ಗಣಿ ಕಾಯಿದೆ ತೈಲಬಾವಿಯನ್ನೂ ಗಣಿಯೆಂದೇ ಎಣಿಸಿತ್ತೆಂಬುದು ಸ್ವಾರಸ್ಯದ ಸಂಗತಿ. ಕೋಲಾರದಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದವನೂ ಅಸ್ಸಾಮಿನಲ್ಲಿ ತೈಲಬಾವಿಯನ್ನು ಕಾಯುತ್ತಿದ್ದವನೂ ಶಾಸನದ ಕಣ್ಣಿಗೆ ಒಂದೇ ಕುಲದವರು. ಗಣಿ ಕಾರ್ಮಿಕನನ್ನು ತರಬೇತಿಲ್ಲದೆ ಕೆಲಸಕ್ಕೆ ಹಚ್ಚಬಾರದೆಂಬ 1966ರ ನಿಯಮಗಳು ಆ ಕಾಯಿದೆಯಡಿ ಬಂದವು. ಪೈಪರ್ ದುರಂತದ ಮರುವರ್ಷ, 1989ರಲ್ಲಿ, ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಗೋವೆಯಲ್ಲಿ ಸುರಕ್ಷೆಯ ಬೋಧನೆಗೆಂದೇ ಒಂದು ಸಂಸ್ಥೆಯನ್ನು ತೆರೆಯಿತು.

ನಮಗೂ ಪರೀಕ್ಷೆಯ ದಿನ ಬಂದಿತು. 2005ರ ಜುಲೈ 27, ಮುಂಬಯಿ ನಗರ ಮಹಾಮಳೆಯಲ್ಲಿ ಮುಳುಗಿದ ಮರುದಿನ. 'ಸಮುದ್ರ ಸುರಕ್ಷಾ' ಎಂಬ ಹಡಗಿನ ಅಡುಗೆಯವನೊಬ್ಬನ ಕೈಗೆ ಗಾಯವಾಗಿ, ಅವನನ್ನು ಚಿಕಿತ್ಸೆಗೆಂದು ಬಾಂಬೆ ಹೈ ಉತ್ತರ ವೇದಿಕೆಗೆ ದಾಟಿಸಲು ಹಡಗು ಹತ್ತಿರ ಬಂದಿತು. ಮುಂಗಾರಿನ ಅಲೆಗಳಲ್ಲಿ ಅದು ಅನಿಲದ ಕೊಳವೆಗೆ ಬಡಿಯಿತು. ಸುಮಾರು ಎರಡು ಗಂಟೆಗಳಲ್ಲಿ ವೇದಿಕೆ ಬೆಂಕಿಗೆ ಆಹುತಿಯಾಯಿತು. ವೇದಿಕೆ, ಹಡಗುಗಳಲ್ಲಿದ್ದ 384 ಮಂದಿಯಲ್ಲಿ 362 ಮಂದಿ ಪಾರಾದರು. 22 ಮಂದಿಯನ್ನು ನಾವು ಕಳೆದುಕೊಂಡೆವು. ಒಬ್ಬನ ಗಾಯಕ್ಕೆ ಮರುಗಿ ಹೊರಟ ಸತ್ಕಾರ್ಯವೂ ಅಪಾಯವನ್ನು ತೂಗಿ ನೋಡದಿದ್ದರೆ ಅನರ್ಥಕ್ಕೆ ದಾರಿಯಾದೀತೆಂಬುದಕ್ಕೆ ಇದು ನಿದರ್ಶನ. ಗೋವೆಯ ಬೆತುಲ್‌ನಲ್ಲಿ ಕಡಲಲ್ಲಿ ಬದುಕಿ ಉಳಿಯುವುದನ್ನು ಕಲಿಸುವ ಕೇಂದ್ರವೊಂದು 2024ರಲ್ಲಿ ತೆರೆಯಿತು.

ಅಬರ್ಡೀನಿನ ಹೇಜಲ್‌ಹೆಡ್ ಉದ್ಯಾನದಲ್ಲಿ, ಗುಲಾಬಿಯ ತೋಟದ ನಡುವೆ, ಕಂಚಿನ ಮೂವರು ಕಾರ್ಮಿಕರು ನಿಂತಿದ್ದಾರೆ. ಕೆಳಗೆ 167 ಹೆಸರುಗಳು. ಸತ್ತವರಲ್ಲಿ 30 ಮಂದಿಯ ದೇಹಗಳನ್ನು ಕಡಲು ಹಿಂದಿರುಗಿಸಲೇ ಇಲ್ಲ. ಆ ಮನೆಗಳವರಿಗೆ ಹೂವಿಡಲು ಇರುವ ಸ್ಥಳ ಅದು. ಅಪರಾಧಕ್ಕಾಗಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ.

ನಾವು ಮಕ್ಕಳಿಗೆ, ಶಿಷ್ಯರಿಗೆ, ಕೈಕೆಳಗಿನವರಿಗೆ ಏನನ್ನಾದರೂ ಕಲಿಸಹೊರಟಾಗ ನೆನೆಯಬೇಕಾದದ್ದು ಊಟದ ಮನೆಯಲ್ಲಿ ಕಾದು ಕುಳಿತ ಆ ಜನರನ್ನು. ಹೇಳಿದಂತೆ ಮಾಡು ಎಂಬುದು ಪಾಠದ ಮೊದಲರ್ಧ. ಹೇಳುವವನ ದನಿ ಅಡಗಿದಾಗ ಸುತ್ತ ನೋಡು, ನೀನೇ ತೀರ್ಮಾನಿಸು, ತಪ್ಪು ಕಂಡರೆ ನಿಲ್ಲಿಸು ಎಂಬುದು ಉತ್ತರಾರ್ಧ. ಅದನ್ನು ಕಲಿಸಲು ಹೆಚ್ಚು ಹೊತ್ತು ಬೇಕು. ಕಲಿಸುವವನಿಗೆ ತನ್ನ ಅಧಿಕಾರದಲ್ಲಿ ಸ್ವಲ್ಪವನ್ನು ಬಿಟ್ಟುಕೊಡುವ ಮನಸ್ಸೂ ಬೇಕು. ಸಾಕಿ ಬೆಳೆಸುವುದೆಂದರೆ ಅದೇ ಇರಬೇಕು.