ಜೇಡದ ಹೆಸರಿನಲ್ಲಿ ಕುಣಿದವರು

ತೋಟದ ಕೆಲಸದಲ್ಲಿ ಕಣ್ಣಿಗಿಂತ ಮೊದಲು ಕೈ ಹೋಗುತ್ತದೆ. ಕಳೆ ಕೀಳಲು ಪೊದೆಯೊಳಗೆ, ತರಗೆಲೆ ಬಾಚಲು ಗಿಡದ ಬುಡಕ್ಕೆ, ಕುಂಡ ಎತ್ತಲು ಅದರ ಅಡಿಗೆ ಕೈ ಹಾಕುವಾಗ ಅಲ್ಲಿ ಏನಿದೆ ಎಂಬುದು ತಿಳಿದಿರುವುದಿಲ್ಲ. ಜೇಡ ಇರಬಹುದು, ಕಣಜದ ಗೂಡು ಇರಬಹುದು, ಚೇಳು ಇರಬಹುದು, ಏನೂ ಇಲ್ಲದೆಯೂ ಇರಬಹುದು. ಗಿಡ ಬೆಳೆಸುವ ಆಸೆಯಿದ್ದರೂ ಈ ಒಂದು ಅಂಜಿಕೆಯಿಂದಲೇ ಮಣ್ಣು ಮುಟ್ಟದವರು ಎಷ್ಟೋ ಮಂದಿ. ‘ಅಷ್ಟು ಸಣ್ಣ ಹುಳಕ್ಕೆ ಹೆದರುವುದೇ?’ ಎಂದು ಇತರರು ನಕ್ಕಾರೆಂಬ ಸಂಕೋಚದಿಂದ ಅವರು ಅದನ್ನು ಹೇಳಿಕೊಳ್ಳುವುದೂ ಇಲ್ಲ.

ಈ ಅಂಜಿಕೆಯನ್ನು ನಗೆಯ ವಿಷಯವೆಂದು ತಳ್ಳಿಹಾಕದೆ, ಊರವರೇ ಕೂಡಿ ನಿಭಾಯಿಸುತ್ತಿದ್ದ ಒಂದು ಸೀಮೆ ಯುರೋಪಿನಲ್ಲಿತ್ತು. ಅದು ದಕ್ಷಿಣ ಇಟಲಿಯ ಪುಲಿಯಾ. ನಕ್ಷೆಯಲ್ಲಿ ಬೂಟಿನಂತೆ ಕಾಣುವ ಇಟಲಿಯ ಹಿಮ್ಮಡಿಯ ಭಾಗ ಇದು. ಹೊಲದಲ್ಲಿ ಜೇಡ ಕಚ್ಚಿತೆಂದು ನೆಲಕ್ಕೆ ಬಿದ್ದವರನ್ನು ಇಲ್ಲಿ ಪಿಟೀಲು, ಖಂಜಿರದಂಥ ವಾದ್ಯಗಳನ್ನು ನುಡಿಸಿ ಕುಣಿಸಲಾಗುತ್ತಿತ್ತು. 14ನೇ ಶತಮಾನದಿಂದ 20ನೇ ಶತಮಾನದವರೆಗೆ, ಸುಮಾರು 600 ವರ್ಷಗಳ ಕಾಲ ಈ ಪದ್ಧತಿಯ ಸುಳಿವು ಸಿಗುತ್ತದೆ. ಈ ಜೇಡದ ವಿಷ ಎಷ್ಟು ನಿಜ, ಎಷ್ಟು ಭಯ ಎಂಬ ಪ್ರಶ್ನೆ ಹಲವು ತಲೆಮಾರಿನ ವೈದ್ಯರನ್ನು ಕಾಡಿತು.

ಊರು ಕೊಟ್ಟ ಹೆಸರು

ಪುಲಿಯಾದ ಕಡಲತೀರದಲ್ಲಿ ಟರಾಂಟೊ ಎಂಬ ಪುರಾತನ ನಗರವಿದೆ. ಅದರ ಸುತ್ತಲಿನ ಹೊಲಗಳಲ್ಲಿ ಕಾಣುವ ದೊಡ್ಡ ಜೇಡಕ್ಕೆ ಊರಿನ ಹೆಸರಿನಿಂದಲೇ ‘ಟರಾಂಟುಲಾ’ ಎಂಬ ಹೆಸರು ಬಂತು. ಇದು ಬಲೆ ಹೆಣೆದು ಬೇಟೆಗೆ ಕಾಯುವ ಜಾತಿಯಲ್ಲ. ನೆಲದಲ್ಲಿ ಬಿಲ ತೋಡಿ ಅದರಲ್ಲಿ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಹುಳುಗಳನ್ನು ಹಿಡಿದು ತಿನ್ನುತ್ತದೆ. ಮುಂದೆ ಯುರೋಪಿನವರು ಅಮೆರಿಕ ಖಂಡಕ್ಕೆ ಹೋದಾಗ ಅಲ್ಲಿ ಕಂಡ ಮೈತುಂಬ ಕೂದಲಿನ ಭಾರಿ ಜೇಡಗಳಿಗೂ ಇದೇ ಹೆಸರಿಟ್ಟರು. ಇಂದು ಟರಾಂಟುಲಾ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಆ ಜೇಡಗಳೇ. ಮೂಲ ಹೆಸರಿನ ಒಡೆಯ ಬೇರೆ.

ಈ ಮೂಲ ಟರಾಂಟುಲಾ ನೋಡಲು ಭಯಂಕರವಾದರೂ ಅದರ ಕಡಿತದಿಂದ ಮನುಷ್ಯನಿಗೆ ದೊಡ್ಡ ಅಪಾಯವಿಲ್ಲ. ಸ್ವಲ್ಪ ನೋವು, ಊತ ಬಂದು ಹೋಗುತ್ತದೆ. ನಿಜವಾಗಿ ತೊಂದರೆ ಕೊಡುವ ಜೇಡ ಅದೇ ಹೊಲಗಳಲ್ಲಿರುವ ಇನ್ನೊಂದು. ಗಾತ್ರದಲ್ಲಿ ಚಿಕ್ಕದು, ಕಪ್ಪು ಮೈ, ಬೆನ್ನ ಮೇಲೆ ಕೆಂಪು ಚುಕ್ಕೆಗಳು. ‘ಕಪ್ಪು ವಿಧವೆ’ ಎಂದು ಹೆಸರಾದ ಜೇಡಗಳ ಕುಲಕ್ಕೆ ಸೇರಿದ ಇದು ಕಚ್ಚಿದ ಜಾಗದಲ್ಲಿ ಹೆಚ್ಚಿನ ಗುರುತೇ ಉಳಿಯುವುದಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲೇ ನೋವು ಮೈಗೆಲ್ಲ ಹರಡುತ್ತದೆ, ಹೊಟ್ಟೆಯ ಸ್ನಾಯುಗಳು ಬಿಗಿಯುತ್ತವೆ, ಬೆವರು ಸುರಿಯುತ್ತದೆ, ಹೇಳಲಾಗದ ತಳಮಳ ಕಾಡುತ್ತದೆ. ದೊಡ್ಡ ಜೇಡ ಕಣ್ಣಿಗೆ ಬೀಳುತ್ತಿತ್ತು, ಚಿಕ್ಕದು ಬೀಳುತ್ತಿರಲಿಲ್ಲ. ಚಿಕ್ಕದರ ತಪ್ಪು ದೊಡ್ಡದರ ತಲೆಗೆ ಬಂದಿತೆಂಬುದು ಇಂದಿನ ಹಲವು ವಿದ್ವಾಂಸರ ಊಹೆ.

ಪುಲಿಯಾದಲ್ಲಿ ಗೋಧಿಯ ಕೊಯ್ಲು ನಡೆಯುವುದು ಬೇಸಿಗೆಯ ಆರಂಭದಲ್ಲಿ. ಜೇಡಗಳು ಚುರುಕಾಗುವುದೂ ಅದೇ ಕಾಲದಲ್ಲಿ. ದೊಡ್ಡ ಜಮೀನುದಾರರ ಹೊಲಗಳಲ್ಲಿ ಕೂಲಿಗೆ ದುಡಿಯುವವರು ಬರಿಗಾಲಿನಲ್ಲಿ, ಬರಿಗೈಯಲ್ಲಿ ತೆನೆ ಕೊಯ್ದು ಕಟ್ಟು ಕಟ್ಟುತ್ತಿದ್ದರು. ದ್ರಾಕ್ಷಿಯ ತೋಟಗಳಲ್ಲಿ, ಮುಂದೆ ಹೊಗೆಸೊಪ್ಪಿನ ಹೊಲಗಳಲ್ಲಿ ಹೆಂಗಸರೇ ಹೆಚ್ಚಾಗಿ ದುಡಿದರು. ಎಲೆಯ ಮರೆಗೆ ಕೈ ಹಾಕದೆ ಅವರಿಗೆ ಅನ್ನವಿರಲಿಲ್ಲ. ಹೆದರಿಕೆಯೆಂದು ಕೆಲಸ ಬಿಡುವ ಅನುಕೂಲ ಅವರಿಗೆ ಇರಲಿಲ್ಲ.

ಪಿಟೀಲಿನ ಮದ್ದು

ಕಡಿತಕ್ಕೆ ಒಳಗಾದವಳ ಮನೆಗೆ ವಾದ್ಯದವರನ್ನು ಕರೆಸುತ್ತಿದ್ದರು. ನೆಲದ ಮೇಲೆ ಬಿಳಿಯ ದುಪ್ಪಟಿ ಹಾಸಿ ಅವಳನ್ನು ಮಲಗಿಸುತ್ತಿದ್ದರು. ವಾದ್ಯದವರು ಒಂದೊಂದೇ ಧಾಟಿಯನ್ನು ನುಡಿಸಿ ಪರೀಕ್ಷಿಸುತ್ತಿದ್ದರು. ಯಾವುದೋ ಒಂದಕ್ಕೆ ಅವಳ ಕೈಕಾಲು ಮಿಸುಕುತ್ತಿತ್ತು. ಅದೇ ಅವಳನ್ನು ಕಚ್ಚಿದ ಜೇಡದ ಧಾಟಿ ಎಂದು ತಿಳಿಯುತ್ತಿದ್ದರು. ಜೇಡಗಳಲ್ಲೂ ಕುಣಿಯುವವು, ಹಾಡುವವು, ದುಃಖಿಸುವವು ಇವೆಯೆಂದೂ ಒಂದೊಂದಕ್ಕೂ ಇಷ್ಟದ ಬಣ್ಣವಿದೆಯೆಂದೂ ನಂಬಿಕೆಯಿತ್ತು. ಬಣ್ಣಬಣ್ಣದ ರಿಬ್ಬನ್ನುಗಳನ್ನು ಎದುರಿಗೆ ಹಿಡಿಯುತ್ತಿದ್ದರು. ಅವಳು ಮೊದಲು ಜೇಡದಂತೆ ನೆಲದ ಮೇಲೆ ತೆವಳುತ್ತಿದ್ದಳು, ಬಳಿಕ ಎದ್ದು ಸುತ್ತು ಹಾಕಿ ಕುಣಿಯುತ್ತಿದ್ದಳು, ದಣಿದು ಬೀಳುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಹೀಗೆ ಒಂದು ದಿನವಲ್ಲ, ಹಲವು ದಿನ ನಡೆಯುತ್ತಿದ್ದುದೂ ಉಂಟು. ವಾದ್ಯದವರಿಗೆ ಕೊಡಬೇಕಾದ ಹಣ ಬಡ ಕುಟುಂಬಕ್ಕೆ ಸಣ್ಣ ಹೊರೆಯೇನಲ್ಲ. ಆದರೂ ನೆರೆಹೊರೆಯವರು ಸುತ್ತ ನಿಂತು, ಮುಗಿಯುವ ತನಕ ಕಾಯುತ್ತಿದ್ದರು.

ಇದನ್ನು ಕಂಡು ಕೇಳಿದ ಪಂಡಿತರು ಸುಮ್ಮನಿರಲಿಲ್ಲ. ಪುಲಿಯಾದವನೇ ಆದ ವೈದ್ಯ ಎಪಿಫಾನಿಯೊ ಫರ್ಡಿನಾಂಡೊ 1621ರ ತನ್ನ ಗ್ರಂಥದಲ್ಲಿ ಇಂಥ ರೋಗಿಗಳ ವಿವರ ದಾಖಲಿಸಿದ. ಜೆಸ್ವಿಟ್ ವಿದ್ವಾಂಸ ಅಥನೇಸಿಯಸ್ ಕಿರ್ಚರ್ 1641ರಲ್ಲಿ ಈ ಧಾಟಿಗಳ ಸ್ವರಲಿಪಿಯನ್ನೇ ಅಚ್ಚು ಮಾಡಿಸಿದ. ಸಂಗೀತದಿಂದ ಗಾಳಿ ಕಂಪಿಸಿ, ಆ ಕಂಪನ ಮೈಯೊಳಗೆ ಸೇರಿ, ವಿಷ ಬೆವರಾಗಿ ಹೊರಬೀಳುತ್ತದೆಂಬುದು ಅವನ ವಿವರಣೆ. ಪುಲಿಯಾದಲ್ಲಿ ಬೆಳೆದ ವೈದ್ಯ ಜಾರ್ಜಿಯೊ ಬಾಗ್ಲಿವಿ 1690ರ ದಶಕದಲ್ಲಿ ಈ ಬಗ್ಗೆ ಪ್ರಬಂಧವನ್ನೇ ಬರೆದ. ಕೆಲವು ಹೆಂಗಸರು ನಿಜವಾದ ಕಡಿತವಿಲ್ಲದೆಯೂ ಕುಣಿಯುತ್ತಾರೆಂಬುದನ್ನು ಗಮನಿಸಿದ್ದ ಅವನು, ಅದಕ್ಕೆ ‘ಹೆಂಗಸರ ಪುಟ್ಟ ಜಾತ್ರೆ’ ಎಂಬರ್ಥದ ಮಾತು ಬಳಕೆಯಲ್ಲಿದ್ದುದನ್ನೂ ದಾಖಲಿಸಿದ್ದಾನೆ. 1742ರಲ್ಲಿ ನೇಪಲ್ಸಿನ ವೈದ್ಯ ಫ್ರಾಂಚೆಸ್ಕೊ ಸೆರಾವೊ ಇನ್ನೂ ಮುಂದೆ ಹೋಗಿ, ಇದು ಜೇಡದ ವಿಷದಿಂದ ಬಂದದ್ದೇ ಅಲ್ಲ, ಆ ಸೀಮೆಯ ಜನರ ಮನಸ್ಸಿನ ಸ್ವಭಾವದಿಂದ ಬಂದದ್ದು ಎಂದು ವಾದಿಸಿದ.

ಅಲ್ಲಿಗೆ ಎರಡು ಪಕ್ಷಗಳಾದವು. ಒಂದು, ಎಲ್ಲವೂ ವಿಷ ಎಂದಿತು. ಇನ್ನೊಂದು, ಎಲ್ಲವೂ ಭ್ರಮೆ ಎಂದಿತು. ಕುಣಿದವಳನ್ನೇ ಕೂರಿಸಿಕೊಂಡು ಅವಳ ಬದುಕಿನ ಕಥೆ ಕೇಳುವ ಕೆಲಸ 20ನೇ ಶತಮಾನಕ್ಕೆ ಉಳಿಯಿತು.

1959ರ ಬೇಸಿಗೆ

ನೇಪಲ್ಸಿನಲ್ಲಿ ಹುಟ್ಟಿದ ಎರ್ನೆಸ್ಟೊ ಡಿ ಮಾರ್ಟಿನೊ ಧರ್ಮಗಳ ಇತಿಹಾಸವನ್ನು ಅಭ್ಯಾಸ ಮಾಡಿದವರು. 1959ರ ಬೇಸಿಗೆಯಲ್ಲಿ ಅವರು ಒಂದು ತಂಡ ಕಟ್ಟಿಕೊಂಡು ಪುಲಿಯಾದ ದಕ್ಷಿಣ ತುದಿಗೆ ಬಂದರು. ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞೆ, ಸಂಗೀತಶಾಸ್ತ್ರಜ್ಞರು, ಛಾಯಾಗ್ರಾಹಕರು ಇದ್ದರು. ಗಲಾಟಿನಾ ಎಂಬ ಊರಿನಲ್ಲಿ ಸಂತ ಪೌಲನ ಚಿಕ್ಕ ಗುಡಿಯಿದೆ. ಮಾಲ್ಟಾ ದ್ವೀಪದಲ್ಲಿ ಹಾವು ಕಚ್ಚಿದರೂ ಪೌಲನಿಗೆ ಏನೂ ಆಗಲಿಲ್ಲವೆಂದು ಬೈಬಲ್ ಹೇಳುತ್ತದೆ. ಹಾಗಾಗಿ ವಿಷಜಂತುಗಳಿಂದ ಕಾಯುವವನು ಅವನೇ ಎಂಬ ನಂಬಿಕೆ. ಪ್ರತಿ ವರ್ಷ ಜೂನ್ 29ರ ಹಬ್ಬಕ್ಕೆ ಕಡಿತಕ್ಕೆ ಒಳಗಾದವರು ಆ ಗುಡಿಗೆ ಬರುತ್ತಿದ್ದರು. ಅಲ್ಲಿನ ಬಾವಿಯ ನೀರೂ ಮದ್ದೆನಿಸಿತ್ತು.

ತಂಡದವರು ಬಂದವರ ಮನೆಮನೆಗೆ ಹೋಗಿ ವಿಚಾರಿಸಿದರು. ನಾರ್ಡೊ ಎಂಬ ಊರಿನ ಮನೆಯೊಂದರಲ್ಲಿ ಕುಣಿತವನ್ನು ಕಣ್ಣಾರೆ ಕಂಡರು. ಅಲ್ಲಿ ಪಿಟೀಲು ನುಡಿಸಿದವರು ವೃತ್ತಿಯಲ್ಲಿ ಕ್ಷೌರಿಕರಾಗಿದ್ದ ಲುಯಿಜಿ ಸ್ಟಿಫಾನಿ. ಹಾಗೆ ಕುಣಿದ ಹೆಂಗಸಿನ ಕಥೆಯಲ್ಲಿ ಜೇಡಕ್ಕಿಂತ ಮೊದಲು ಬಡತನವಿತ್ತು, ಕೈಗೂಡದ ಪ್ರೀತಿಯಿತ್ತು, ಮನಸ್ಸಿಗೆ ಬಾರದ ಮದುವೆಯಿತ್ತು.

ಡಿ ಮಾರ್ಟಿನೊ ಎತ್ತಿದ ಪ್ರಶ್ನೆಗಳು ಸರಳ. ಒಮ್ಮೆ ಕಚ್ಚಿದ ಜೇಡದ ವಿಷ ಪ್ರತಿ ವರ್ಷ ಅದೇ ತಿಂಗಳಲ್ಲಿ ಮರಳಿ ಏರುವುದು ಹೇಗೆ? ಸಂತ ಪೌಲನ ರಕ್ಷಣೆ ಇರುವುದರಿಂದ ಗಲಾಟಿನಾದವರಿಗೆ ಈ ಬಾಧೆ ತಟ್ಟದೆಂದು ಜನ ಹೇಳುತ್ತಿದ್ದರು. ಹೊಲದ ಜೇಡಕ್ಕೆ ಊರಿನ ಎಲ್ಲೆ ತಿಳಿಯುವುದು ಹೇಗೆ? ಗಂಡಸರೂ ಹೊಲದಲ್ಲಿ ದುಡಿಯುವಾಗ ಬಾಧಿತರಲ್ಲಿ ಹೆಂಗಸರೇ ಬಹುಪಾಲು ಏಕೆ? ಮೊದಲ ಕಡಿತ ಹರೆಯಕ್ಕೆ ಕಾಲಿಡುವ ಹೊತ್ತಿನಲ್ಲೋ, ಬದುಕಿನ ಯಾವುದೋ ಸಂಕಟದ ನಡುವೆಯೋ ಆಗುವುದೇಕೆ?

ಹೊಲದಲ್ಲಿ ವಿಷದ ಜೇಡ ಇರುವುದು ನಿಜ, ಅದರ ಕಡಿತದ ನೋವು ನಿಜ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಆ ನಿಜವಾದ ನೋವಿನ ರೂಪವನ್ನು, ಹೇಳಲು ಬಾಯಿಲ್ಲದ ಬೇರೆ ನೋವುಗಳು ತೊಟ್ಟುಕೊಂಡವು ಎಂದರು. ‘ನನಗೆ ಈ ಮದುವೆ ಬೇಡ’ ಎಂದರೆ ಕೇಳುವವರಿರಲಿಲ್ಲ. ‘ಜೇಡ ಕಚ್ಚಿತು’ ಎಂದರೆ ಊರೇ ಬಂದು ನಿಲ್ಲುತ್ತಿತ್ತು. 1961ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರಿನಲ್ಲೇ ‘ರಿಮೊರ್ಸೊ’ ಎಂಬ ಪದವಿದೆ. ಇಟಲಿಯ ಭಾಷೆಯಲ್ಲಿ ಅದಕ್ಕೆ ಪಶ್ಚಾತ್ತಾಪ ಎಂದು ಅರ್ಥ. ಬಿಡಿಸಿ ಓದಿದರೆ ‘ಮತ್ತೆ ಕಚ್ಚುವುದು’ ಎಂದೂ ಆಗುತ್ತದೆ. ವರ್ಷವರ್ಷ ಕಚ್ಚುತ್ತಿದ್ದುದು ಜೇಡವಲ್ಲ, ತೀರದೆ ಉಳಿದ ಹಳೆಯ ದುಃಖ.

ಕಿರುದಾರಿ ಇಲ್ಲ

ಈ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಕುಣಿತ ಮುಗಿದ ಮೇಲೆ ಅವಳು ಅದೇ ಕೂಲಿಗೆ, ಅದೇ ಮನೆಗೆ ಮರಳುತ್ತಿದ್ದಳು. ಮುಂದಿನ ಬೇಸಿಗೆಗೆ ಮತ್ತೆ ಬೀಳುತ್ತಿದ್ದಳು. ಆದರೂ ಅಲ್ಲಿನ ಜನ ಒಂದು ವಿಷಯವನ್ನು ಅರಿತಿದ್ದರು. ಹೆದರಿದವಳನ್ನು ಗದರಿಸಿದರೆ ಹೆದರಿಕೆ ಹೋಗುವುದಿಲ್ಲ. ಅದಕ್ಕೆ ಹೊತ್ತು ಬೇಕು, ಜೊತೆಗೆ ಜನ ಬೇಕು, ಅದನ್ನು ಮುಖಾಮುಖಿ ದಾಟಬೇಕು.

ಬೇರೆ ದಾರಿಯಿಂದ ಬಂದ ಆಧುನಿಕ ಮನಶ್ಶಾಸ್ತ್ರವೂ ಈ ಕೊನೆಯ ಮಾತನ್ನು ಒಪ್ಪುತ್ತದೆ. ಅಮೆರಿಕದ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಲಕ್ಕೆ ಹೆದರುತ್ತಿದ್ದ ಮಗುವಿಗೆ ಇಷ್ಟದ ತಿಂಡಿ ಕೊಡುತ್ತಾ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದರು. ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ಇಂಥ ಮೆಟ್ಟಿಲು ಮೆಟ್ಟಿಲಿನ ಕ್ರಮವನ್ನು ಒಂದು ಚಿಕಿತ್ಸೆಯಾಗಿ ರೂಪಿಸಿದರು. ಸ್ವೀಡನ್ನಿನ ಲಾರ್ಸ್ ಗೋರಾನ್ ಓಸ್ಟ್ 1989ರಲ್ಲಿ, ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್ಕಿನಲ್ಲಿ ಇದನ್ನು ಮುಗಿಸುವ ವಿಧಾನ ಪ್ರಕಟಿಸಿದರು. ಚಿಕಿತ್ಸಕರು ಮೊದಲು ತಾವು ಮಾಡಿ ತೋರಿಸುತ್ತಾರೆ. ಬಳಿಕ ರೋಗಿಯೇ ಜೇಡದ ಮೇಲೆ ಗಾಜಿನ ಲೋಟ ಮುಚ್ಚಿ, ಅಡಿಗೆ ಕಾಗದ ಸರಿಸಿ, ಅದನ್ನು ಹೊರಗೆ ಬಿಡಲು ಕಲಿಯುತ್ತಾರೆ. ಜೇಡ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಟ್ಟು ನೋಡುವವರಿಗೆ ಅದು ಭೂತವಾಗಿ ಉಳಿಯುವುದಿಲ್ಲ.

ಎಲ್ಲ ಭಯವೂ ಹುರುಳಿಲ್ಲದ್ದೆಂದು ಇದರ ಅರ್ಥವಲ್ಲ. ಕೆಲವರ ಮೈಗೆ ಜೇನು, ಕಣಜಗಳ ಒಂದೇ ಒಂದು ಕುಟುಕೂ ಪ್ರಾಣಾಪಾಯ ತರಬಲ್ಲದು. ಮೈ ಹೀಗೆ ವಿಷಕ್ಕೆ ಮಿತಿಮೀರಿ ಸಿಡಿಯುವ ಬಗೆಯನ್ನು 1902ರಲ್ಲಿ ಗುರುತಿಸಿ ಹೆಸರಿಟ್ಟ ಫ್ರಾನ್ಸಿನ ಇಬ್ಬರಲ್ಲಿ ಒಬ್ಬರಾದ ಷಾರ್ಲ್ ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ಕುಟುಕಿದ ಮೇಲೆ ಮುಖ, ಗಂಟಲು ಊದಿ ಉಸಿರು ಕಟ್ಟಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು. ಉಳಿದಂತೆ ಕೈಗವಸು, ತುಂಬುತೋಳಿನ ಅಂಗಿ, ಹಾಕಿಕೊಳ್ಳುವ ಮೊದಲು ಕೊಡವಿದ ಬೂಟು, ಕೈ ಹಾಕುವ ಮೊದಲು ಕೋಲಿನಿಂದ ಸರಿಸಿದ ತರಗೆಲೆ ಇವಿಷ್ಟು ಇದ್ದರೆ ತೋಟದ ಅರ್ಧ ಭಯ ಕಳೆದಂತೆ.

ಪುಲಿಯಾದ ಕುಣಿತ ಮದ್ದಾಗಿ ಉಳಿದಿಲ್ಲ. 1998ರಿಂದ ಅದರ ಧಾಟಿಗಳೇ ‘ಟರಾಂಟಾ ರಾತ್ರಿ’ ಎಂಬ ಸಂಗೀತೋತ್ಸವವಾಗಿ, ಆಗಸ್ಟ್ ತಿಂಗಳಲ್ಲಿ ಮೆಲ್ಪಿನ್ಯಾನೊ ಎಂಬ ಊರಿಗೆ ಜನಸಾಗರವನ್ನೇ ಸೆಳೆಯುತ್ತಿವೆ. ಇಂದು ಅಲ್ಲಿ ಕುಣಿಯುವವರು ಸಂತೋಷಕ್ಕೆ ಕುಣಿಯುತ್ತಾರೆ. ಅವರ ಅಜ್ಜಿ, ಮುತ್ತಜ್ಜಿಯರ ಮೇಲೆ ಇಷ್ಟೆಲ್ಲ ಆರೋಪ ಹೊತ್ತ ಜೇಡ ಮಾತ್ರ ಈಗಲೂ ಹೊಲದ ಬಿಲದಲ್ಲಿದ್ದು, ಸಂಜೆಯಾದರೆ ಎದ್ದು ಹುಳುಗಳನ್ನು ಹಿಡಿಯುತ್ತದೆ.