ಒಂದು ಬೆಸುಗೆಗಾಗಿ 37 ವರ್ಷ ಕಾದ ಗರಗಸ

ಟಿಕ್, ಟಿಕ್, ಟಿಕ್, ಟಿಕ್... ಆಮೇಲೆ ಒಂದೇ ಸಲ, ಫಟಾರ್!

ಈಗ ಕೇಳಿಸಿದ್ದು ಪಟಾಕಿ ಅಲ್ಲ. ತರೀಕೆರೆಯಲ್ಲಿರುವ ನಮ್ಮ ಸೋದರಮಾವನ ಮರಗೆಲಸದ ಅಂಗಡಿಯಲ್ಲಿ ಬ್ಯಾಂಡ್ ಸಾ ಬ್ಲೇಡ್ ತುಂಡಾದ ಸದ್ದು. ಅಂಗಡಿಯ ಸದ್ದುಗಳು ಮುಂದೆ ಯಾವುದಾದರೂ ಎಪಿಸೋಡಿಗೆ ಬೇಕಾಗುತ್ತೆ ಅಂತ ಫೋನ್ ಆನ್ ಮಾಡಿ ಇಟ್ಟಿದ್ದೆ. ಮಾವ ಮಷಿನ್ನಿನಿಂದ ಒಂದಡಿ ದೂರದಲ್ಲಿದ್ರು. ಮುಚ್ಚಳ ಸರಿಯಾಗಿ ಹಾಕಿತ್ತು, ಹಾಗಾಗಿ ಬ್ಲೇಡ್ ಒಳಗೇ ಸುರುಳಿ ಸುತ್ತಿ ನಿಂತುಬಿಡ್ತು. ಮಾವನಿಗೆ ಏನೂ ಆಗಲಿಲ್ಲ.

ಆದ್ರೆ ಅದು ಆ ತಿಂಗಳಲ್ಲಿ ತುಂಡಾದ ಮೂರನೇ ಬ್ಲೇಡ್. ಒಂದು ಮನೆಯ ಗೃಹಪ್ರವೇಶಕ್ಕೆ 12 ದಿನ ಉಳಿದಿತ್ತು. ದೇವರ ಮನೆ ಬಾಗಿಲಿಗೆ ತೇಗದ ಕಮಾನು ಕೊಯ್ದು ಕೊಡಬೇಕಿತ್ತು. ಮಾವ ಕೈ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಸಾಕು ಅಳಿಯಾ, ಇದನ್ನ ಗುಜರಿಗೆ ಹಾಕಿಬಿಡೋಣ."

ನಾನು ಬಿ.ಕಾಂ. ಓದಿದೋನು. ಮಷಿನ್ ರಿಪೇರಿ ನನ್ನ ಕೆಲಸ ಅಲ್ಲ. ಆದ್ರೆ ಈ ಮಷಿನ್ ಯಾಕೆ ಕೆಡ್ತಾ ಇದೆ ಅಂತ ಹುಡುಕೋಕೆ ಹೋದವನಿಗೆ ಸುಮಾರು ಇನ್ನೂರು ವರ್ಷ ಹಳೆಯ ಒಂದು ಕಥೆ ಸಿಕ್ಕಿತು.

ಮೊದಲು ಮಷಿನ್ ಅರ್ಥ ಮಾಡ್ಕೊಳ್ಳೋಣ. ಬ್ಯಾಂಡ್ ಸಾ ಅಂದ್ರೆ ಮೇಲೊಂದು, ಕೆಳಗೊಂದು ಚಕ್ರ. ಎರಡರ ಮೇಲೂ ಹಾದುಹೋಗುವ, ಬಳೆಯ ಹಾಗೆ ಕೊನೆಯಿಲ್ಲದ ಹಲ್ಲಿನ ಉಕ್ಕಿನ ಪಟ್ಟಿ. ಮೋಟರ್ ಕೆಳಗಿನ ಚಕ್ರವನ್ನ ತಿರುಗಿಸುತ್ತೆ. ಮೇಲಿನ ಚಕ್ರ ಪಟ್ಟಿಯನ್ನ ಬಿಗಿಯಾಗಿ ಹಿಡಿದುಕೊಂಡಿರುತ್ತೆ. ಪಟ್ಟಿ ತೆಳ್ಳಗಿರೋದ್ರಿಂದ ಮರ ಕಡಿಮೆ ಪುಡಿಯಾಗುತ್ತೆ, ಕಮಾನಿನಂಥ ಬಾಗಿದ ಗೆರೆಯನ್ನೂ ಕೊಯ್ಯಬಹುದು. ಕೈಗರಗಸದ ಹಾಗೆ ಹಿಂದಕ್ಕೆ ಎಳೆಯುವ ವ್ಯರ್ಥ ಓಟವೂ ಇಲ್ಲ.

ಕೇಳೋಕೆ ಎಷ್ಟು ಸರಳ ಅಲ್ವಾ? 1809ರ ಹೊತ್ತಿಗೇ ಲಂಡನ್ನಿನ ವಿಲಿಯಂ ನ್ಯೂಬೆರಿ ಎಂಬಾತ ಈ ಐಡಿಯಾಗೆ ಪೇಟೆಂಟ್ ತಗೊಂಡಿದ್ದ. ಆಗ ಇಂಗ್ಲೆಂಡಿನಲ್ಲಿ ಮರಗೆಲಸದ ಯಂತ್ರಗಳಿಗೆ ಒಳ್ಳೆ ಕಾಲ. ನೆಪೋಲಿಯನ್ ಜೊತೆ ಯುದ್ಧ ನಡೀತಿತ್ತು, ನೌಕಾಪಡೆಗೆ ಮರದ ಸಾಮಾನು ಎಷ್ಟಿದ್ದರೂ ಸಾಲದು. ಪೋರ್ಟ್ಸ್‌ಮತ್ ಬಂದರಿನಲ್ಲಿ ಮಾರ್ಕ್ ಬ್ರೂನೆಲ್ ರೂಪಿಸಿದ ಯಂತ್ರಗಳು ಹಡಗಿನ ಹಗ್ಗ ಎಳೆಯುವ ಮರದ ರಾಟೆಗಳನ್ನ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಾಡ್ತಿದ್ದವು. ಇಂಥ ಕಾಲದಲ್ಲಿ ಹುಟ್ಟಿದರೂ ನ್ಯೂಬೆರಿಯ ಗರಗಸ ಮಾತ್ರ ಕಾರ್ಖಾನೆಗಳಿಗೆ ಕಾಲಿಡಲಿಲ್ಲ.

ಕಾರಣ? ಬ್ಲೇಡ್ ತುಂಡಾಗ್ತಿತ್ತು. ನಮ್ಮ ಮಾವನ ಅಂಗಡಿಯ ಹಾಗೇ!

ಇಲ್ಲೊಂದು ಸಣ್ಣ ಲೆಕ್ಕ ಹೇಳ್ತೀನಿ. ಮಾವನ ಮಷಿನ್ನಿನ ಚಕ್ರ 18 ಇಂಚಿನದು. ಬ್ಲೇಡ್ ಉದ್ದ ಮೂರೂವರೆ ಮೀಟರ್. ಚಕ್ರ ನಿಮಿಷಕ್ಕೆ ಸುಮಾರು 625 ಸುತ್ತು ಹಾಕುತ್ತೆ. ಅಂದ್ರೆ ಬ್ಲೇಡ್ ನಿಮಿಷಕ್ಕೆ ಹತ್ತಿರ ಹತ್ತಿರ 900 ಮೀಟರ್ ಓಡುತ್ತೆ, ಸುಮಾರು 257 ಸಲ ಪೂರ್ತಿ ಸುತ್ತು ಬರುತ್ತೆ. ಪ್ರತಿ ಸುತ್ತಿನಲ್ಲಿ ಮೇಲಿನ ಚಕ್ರದಲ್ಲಿ ಒಂದ್ಸಲ ಬಾಗಬೇಕು, ನೆಟ್ಟಗಾಗಬೇಕು, ಕೆಳಗಿನ ಚಕ್ರದಲ್ಲಿ ಇನ್ನೊಂದ್ಸಲ ಬಾಗಬೇಕು. ಗಂಟೆಗೆ ಲೆಕ್ಕ ಹಾಕಿದರೆ 30,000 ಸಲ! ಒಂದು ತಂತಿಯನ್ನ ಕೈಯಲ್ಲಿ ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಮುರಿಯುತ್ತೆ. ಬ್ಲೇಡಿನ ಬಾಗು ಅಷ್ಟು ಜೋರಲ್ಲ, ಆದ್ರೆ ಪುರುಸೊತ್ತೇ ಇಲ್ಲ.

ಈಗ ನ್ಯೂಬೆರಿಯ ಕಷ್ಟ ನೋಡಿ. ಪಟ್ಟಿಯ ಎರಡು ತುದಿ ಸೇರಿಸಿ ಬಳೆ ಮಾಡಲೇಬೇಕು. ಸೇರಿಸಿದ ಜಾಗ ಉಳಿದ ಪಟ್ಟಿಯಷ್ಟೇ ತೆಳ್ಳಗಿರಬೇಕು, ಅಷ್ಟೇ ಗಟ್ಟಿ ಇರಬೇಕು, ಅಷ್ಟೇ ಬಳುಕಬೇಕು. ಆ ಕಾಲದ ಉಕ್ಕು ಮತ್ತು ಬೆಸುಗೆಯಲ್ಲಿ ಇದು ಆಗಲಿಲ್ಲ. ಒಂದೋ ಬೆಸುಗೆ ಬಿಟ್ಟುಕೊಳ್ತಿತ್ತು, ಇಲ್ಲಾ ಪಟ್ಟಿಯೇ ಸೀಳ್ತಿತ್ತು.

ಇನ್ನೊಂದು ವಿಷಯ. ಲೋಹಕ್ಕೂ ದಣಿವು ಇದೆ ಅನ್ನೋದು ಆಗ ಎಂಜಿನಿಯರುಗಳಿಗೆ ಸ್ಪಷ್ಟವಾಗಿರಲಿಲ್ಲ. 1842ರ ಮೇ 8ರಂದು ವರ್ಸೈನಿಂದ ಪ್ಯಾರಿಸ್‌ಗೆ ವಾಪಸ್ ಬರ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರೀತು. 50ಕ್ಕೂ ಹೆಚ್ಚು ಜನ ಸತ್ತರು. ದಿನಾ ಓಡಾಡ್ತಿದ್ದ ಅಚ್ಚು ಇದ್ದಕ್ಕಿದ್ದಂತೆ ಯಾಕೆ ಮುರೀತು ಅನ್ನೋ ಪ್ರಶ್ನೆ ದೊಡ್ಡದಾಯಿತು. ಮುಂದೆ 1850 ಮತ್ತು 60ರ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನ ಮತ್ತೆ ಮತ್ತೆ ಬಾಗಿಸಿ ಪರೀಕ್ಷೆ ಮಾಡಿ ತೋರಿಸಿದ: ಒಂದೇ ಸಲಕ್ಕೆ ಏನೂ ಮಾಡದಷ್ಟು ಸಣ್ಣ ಭಾರವೂ ಲಕ್ಷಾಂತರ ಸಲ ಬಿದ್ದರೆ ಲೋಹವನ್ನ ಮುರಿಯುತ್ತೆ.

ಆದ್ರೆ ಗರಗಸದ ಗಂಟು ಅದಕ್ಕೂ ಮೊದಲೇ ಬಿಚ್ಚಿಕೊಂಡಿತ್ತು. ಬಿಚ್ಚಿದ್ದು ಒಬ್ಬ ಹೆಣ್ಣುಮಗಳು. ಹೆಸರು ಆನ್ ಪೋಲಿನ್ ಕ್ರೆಪಿನ್, ಫ್ರಾನ್ಸಿನವಳು. ಪಟ್ಟಿಯ ತುದಿಗಳನ್ನ ಬಾಳಿಕೆ ಬರುವ ಹಾಗೆ ಬೆಸೆಯುವ ವಿಧಾನ ಕಂಡುಹಿಡಿದು 1846ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು. ಸ್ವಲ್ಪ ದಿನದಲ್ಲೇ ಅದರ ಹಕ್ಕನ್ನ ಪ್ಯಾರಿಸ್ಸಿನ ಪೆರಿನ್ ಕಂಪನಿಗೆ ಮಾರಿದಳು. ಪೆರಿನ್‌ನವರು ಆ ಬೆಸುಗೆಗೆ ಹೊಸ ಬಗೆಯ ಉಕ್ಕನ್ನೂ, ಉಕ್ಕಿಗೆ ಹದ ಕೊಡುವ ಸುಧಾರಿತ ವಿಧಾನವನ್ನೂ ಸೇರಿಸಿದರು. ಇವತ್ತು ನಾವು ಬಳಸುವ ಬ್ಲೇಡಿನ ಮೊದಲ ರೂಪ ಹುಟ್ಟಿದ್ದು ಹಾಗೆ. ಚಕ್ರ ಇತ್ತು, ಪೇಟೆಂಟ್ ಇತ್ತು, ಮರ ಇತ್ತು, ಗಿರಾಕಿ ಇದ್ದರು. ಆದರೂ ಒಂದು ಬೆರಳಗಲದ ಬೆಸುಗೆಗಾಗಿ ಆ ಯಂತ್ರ 37 ವರ್ಷ ಕಾಯಬೇಕಾಯಿತು.

ಇದನ್ನೆಲ್ಲ ಓದಿದ ಮೇಲೆ ನಾನು ತರೀಕೆರೆಗೆ ವಾಪಸ್ ಹೋದೆ. ಈ ಸಲ ಮಷಿನ್ ನೋಡಲಿಲ್ಲ. ಮೊದಲು ರೆಕಾರ್ಡಿಂಗ್ ತೆಗೆದೆ. ಎಡಿಟಿಂಗ್ ಆ್ಯಪ್‌ನಲ್ಲಿ ನಿಧಾನ ಮಾಡಿ ಆ ಟಿಕ್ ಟಿಕ್ ಎಣಿಸಿದೆ. ಸೆಕೆಂಡಿಗೆ ನಾಲ್ಕು ಚಿಲ್ಲರೆ. ಚಕ್ರದಲ್ಲೋ ಅದರ ರಬ್ಬರಿನಲ್ಲೋ ತೊಂದರೆ ಇದ್ದಿದ್ರೆ ಸೆಕೆಂಡಿಗೆ ಹತ್ತು ಸಲ ಸದ್ದು ಬರಬೇಕಿತ್ತು. ಸೆಕೆಂಡಿಗೆ ನಾಲ್ಕು ಸಲ ಸುತ್ತು ಬರೋದು ಬ್ಲೇಡ್ ಮಾತ್ರ. ಅಂದ್ರೆ ತುಂಡಾಗೋ ಮೊದಲೇ ಬ್ಲೇಡಿನಲ್ಲಿ ಬಿರುಕು ಬಿಟ್ಟಿತ್ತು. ಅದು ಗೈಡ್ ದಾಟಿದಾಗಲೆಲ್ಲ ಸದ್ದು ಮಾಡಿ ಎಚ್ಚರಿಸ್ತಿತ್ತು. ನಾವು ಕೇಳಿಸಿಕೊಂಡಿರಲಿಲ್ಲ, ಅಷ್ಟೇ.

ಆಮೇಲೆ ಮೂರೂ ತುಂಡು ಬ್ಲೇಡುಗಳನ್ನ ನೆಲದ ಮೇಲೆ ಹಾಸಿದೆವು. ಮೊದಲ ಎರಡು ಜಾಯಿಂಟಿನಲ್ಲೇ ಬಿಟ್ಟಿದ್ದವು. "ನೋಡು, ಜಾಯಿಂಟ್ ಹಾಕಿದವನದೇ ತಪ್ಪು" ಅಂದ್ರು ಮಾವ. ಆದ್ರೆ ಮೂರನೆಯದು? ಜಾಯಿಂಟ್ ಗಟ್ಟಿಯಾಗೇ ಇದೆ. ಹಲ್ಲಿನ ಬುಡದಿಂದ ಬಿರುಕು ಶುರುವಾಗಿ ಬೇರೆ ಕಡೆ ಸೀಳಿದೆ.

ಮೂರನ್ನೂ ಎತ್ಕೊಂಡು ಜಾಯಿಂಟ್ ಹಾಕುವ ಅಣ್ಣನ ಹತ್ರ ಹೋದೆವು. ಅವರು ಒಪ್ಕೊಂಡ್ರು. ಮೊದಲೆರಡನ್ನ ಅವಸರದಲ್ಲಿ ಬೆಸೆದು ಹಾಗೇ ಕೊಟ್ಟಿದ್ದರಂತೆ. ಬೆಸೆದ ಜಾಗ ಬೇಗ ತಣ್ಣಗಾದರೆ ಗಾಜಿನ ಹಾಗೆ ಪೆಡಸಾಗುತ್ತೆ. ಅದನ್ನ ಮತ್ತೆ ಮಂದ ಕೆಂಪಾಗುವಷ್ಟು ಕಾಯಿಸಿ ನಿಧಾನಕ್ಕೆ ಆರಲು ಬಿಡಬೇಕು. ಮೂರನೆಯದಕ್ಕೆ ಹಾಗೆ ಮಾಡಿದ್ದರು. ಹಾಗಿದ್ರೆ ಅದು ಯಾಕೆ ಹೋಯ್ತು? ಅಣ್ಣ ವರ್ನಿಯರ್ ಹಿಡಿದು ಪಟ್ಟಿಯ ದಪ್ಪ ಅಳೆದರು. 0.8 ಮಿಲಿಮೀಟರ್.

"ಇದು ದೊಡ್ಡ ಸಾಮಿಲ್ ಮಷಿನ್ನಿಗೆ ಹಾಕೋ ಪಟ್ಟಿ. ನಿಮ್ಮ ಸಣ್ಣ ಚಕ್ರಕ್ಕೆ ಇದನ್ನ ಯಾರು ತಂದಿದ್ದು?"

ಮಾವ ಏನೂ ಹೇಳಲಿಲ್ಲ. ಹೇಳಬೇಕಾದ್ದು ನಾನು. ಹಳೇ ರೋಲ್ ಮುಗಿದಾಗ ಬೆಂಗಳೂರಿನಿಂದ ಹೊಸ ರೋಲ್ ತಂದವನು ನಾನೇ. ಎರಡು ದಪ್ಪದ ಪಟ್ಟಿ ತೋರಿಸಿದ್ರು, ದಪ್ಪಗಿರೋದು ಹೆಚ್ಚು ಬಾಳಿಕೆ ಬರುತ್ತೆ ಅಂತ ಅದನ್ನೇ ಆರಿಸಿದ್ದೆ. ಒಳ್ಳೆ ಖರೀದಿ ಮಾಡಿದೆ ಅಂತ ಹೆಮ್ಮೆ ಬೇರೆ!

ಮರಗೆಲಸದವರಲ್ಲಿ ಒಂದು ಲೆಕ್ಕ ಇದೆ: ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲಿ ಒಂದು ಪಾಲಿನಷ್ಟಿರಬೇಕು. 18 ಇಂಚು ಅಂದ್ರೆ 457 ಮಿಲಿಮೀಟರ್. ಅದಕ್ಕೆ ಅರ್ಧ ಮಿಲಿಮೀಟರಿನ ಪಟ್ಟಿ ಸಾಕು. ಚಕ್ರ ಅಷ್ಟೇ ಇದ್ದು ಪಟ್ಟಿ ದಪ್ಪ ಆದಷ್ಟೂ ಬಾಗುವಾಗಿನ ಒತ್ತಡ ಹೆಚ್ಚುತ್ತೆ. ನನ್ನ ಪಟ್ಟಿಗೆ ಪ್ರತಿ ಬಾಗಿಗೂ 60 ಪರ್ಸೆಂಟ್ ಜಾಸ್ತಿ ಒತ್ತಡ ಬೀಳ್ತಿತ್ತು, ಗಂಟೆಗೆ 30,000 ಸಲ. ನ್ಯೂಬೆರಿಗೆ ಸರಿಯಾದ ಉಕ್ಕು ಸಿಕ್ಕಿರಲಿಲ್ಲ. ನನಗೆ ಸಿಕ್ಕಿತ್ತು, ನಾನೇ ತಪ್ಪಾಗಿ ಆರಿಸಿದ್ದೆ.

ರಿಪೇರಿ ಒಂದು ದಿನದ ಕೆಲಸ. ಮೊದಲು ಪ್ಲಗ್ ಕಿತ್ತಿಟ್ಟೆವು. ಚಕ್ರದ ಮೇಲಿನ ರಬ್ಬರ್ ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು, ಅದರ ಮೇಲೆ ಮರದ ಪುಡಿ ಗಟ್ಟಿಯಾಗಿ ಕೂತಿತ್ತು. ಹೊಸ ರಬ್ಬರ್ ಅಂಟಿಸಿದೆವು. 0.5ರ ಪಟ್ಟಿ ತರಿಸಿ, ಜಾಯಿಂಟ್ ಹಾಕಿಸಿ, ಹದ ಮಾಡಿಸಿದೆವು. ಮೇಲಿನ ಚಕ್ರವನ್ನ ಕೈಯಲ್ಲೇ ತಿರುಗಿಸ್ತಾ, ಬ್ಲೇಡ್ ಮಧ್ಯದಲ್ಲಿ ಓಡುವವರೆಗೆ ಅದರ ವಾಲು ಸರಿ ಮಾಡಿದರು ಮಾವ. ಪಕ್ಕದ ಗೈಡ್‌ಗಳಿಗೂ ಬ್ಲೇಡಿಗೂ ಮಧ್ಯೆ ಒಂದು ಕಾಗದದಷ್ಟು ಜಾಗ. ಹಿಂದಿನ ಬೇರಿಂಗ್ ಖಾಲಿ ಓಡುವಾಗ ಬ್ಲೇಡಿಗೆ ತಾಗಬಾರದು, ಮರ ತಳ್ಳಿದಾಗ ಮಾತ್ರ ತಾಗಬೇಕು. ಈಗ ರಾತ್ರಿ ಅಂಗಡಿ ಮುಚ್ಚುವಾಗ ಬ್ಲೇಡಿನ ಬಿಗಿ ಸಡಿಲಿಸುವ ಅಭ್ಯಾಸವೂ ಆಗಿದೆ.

ಕಮಾನು ಗೃಹಪ್ರವೇಶದ ಹಿಂದಿನ ದಿನ ಆ ಮನೆ ತಲುಪಿತು. ಮಷಿನ್ ಗುಜರಿಗೆ ಹೋಗಲಿಲ್ಲ. ನಾನು ತಂದ ರೋಲ್ ಮಾತ್ರ ಗೋಡೆಯ ಮೊಳೆಗೆ ನೇತಾಡ್ತಾ ಇದೆ. "ಇರಲಿ ಬಿಡು, ನಿನ್ನ ನೆನಪಿಗೆ" ಅಂತಾರೆ ಮಾವ.

ನಿಮ್ಮ ಸುತ್ತಮುತ್ತ ಯಾವುದಾದರೂ ಹಳೇ ಮಷಿನ್ ಪದೇ ಪದೇ ಕೆಡ್ತಾ ಇದ್ರೆ, ಬೈಯೋಕೆ ಮೊದಲು ಮುರಿದ ತುಂಡನ್ನ ಎತ್ತಿ ನೋಡಿ. ಎಲ್ಲಿ ಮುರಿದಿದೆ ಅನ್ನೋದರಲ್ಲೇ ಯಾಕೆ ಮುರೀತು ಅನ್ನೋದು ಇರುತ್ತೆ. ಆ ಮಷಿನ್ನಿನ ಸದ್ದನ್ನ ರೆಕಾರ್ಡ್ ಮಾಡಿ ನಮಗೂ ಒಂದು ವಾಯ್ಸ್ ನೋಟ್ ಕಳಿಸಿ.